ರಾಜ ಸತ್ತ, ಮಗಳಿಗೆ ಆರು ತುಂಬಿಲ್ಲ, ಯುದ್ಧ ನಿಂತಿಲ್ಲ: ಸ್ವೀಡನ್ ಉಳಿದಿದ್ದು ಉಕ್ಸೆನ್‌ಶೆರ್ನಾನಿಂದಲೇ?

ಕಡತಪ್ರಿಯ
ಗೆಳೆಯರೇ, ಮೂವತ್ತು ವರ್ಷಗಳ ಯುದ್ಧದ (1618ರಿಂದ 1648, ಜರ್ಮನಿಯ ನೆಲದಲ್ಲಿ ಕ್ಯಾಥೊಲಿಕ್ ಚಕ್ರವರ್ತಿಯ ಕಡೆಗೂ ಪ್ರೊಟೆಸ್ಟಂಟರ ಕಡೆಗೂ ನಡೆದದ್ದು) ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. 1632ರ ನವೆಂಬರಿನಲ್ಲಿ ಲುಟ್ಜನ್ ರಣರಂಗದಲ್ಲಿ ಸ್ವೀಡನ್ನಿನ ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಸತ್ತ. ಮಂಜು ಕವಿದಿತ್ತು, ತನ್ನವರಿಂದ ಬೇರೆಯಾದ, ಗುಂಡು ಬಿತ್ತು. ಮಗಳು ಕ್ರಿಸ್ಟಿನಾಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ಸೈನ್ಯ ಜರ್ಮನಿಯಲ್ಲಿ, ಸಂಬಳ ಬಾಕಿ, ಜೊತೆಗಿದ್ದ ಜರ್ಮನ್ ರಾಜರು ಯಾವಾಗ ಜಾರಿಕೊಳ್ಳೋಣ ಅಂತ ಕಾಯುತ್ತಿದ್ದರು. ಇಂಥ ಹೊತ್ತಲ್ಲಿ ರಾಜ್ಯ ಕುಸಿದುಬೀಳುವುದು ಮಾಮೂಲು. ಸ್ವೀಡನ್ ಮಾತ್ರ ಇನ್ನೂ 16 ವರ್ಷ ಹೋರಾಡಿ, 1648ರಲ್ಲಿ ಗೆದ್ದವರ ಸಾಲಿನಲ್ಲಿ ಕೂತಿತು.

ಯಾರನ್ನು ಕೇಳಿದರೂ ಒಂದೇ ಉತ್ತರ: ಚಾನ್ಸಲರ್, ಅಂದರೆ ರಾಜನ ಮುಖ್ಯ ಮಂತ್ರಿ, ಆಕ್ಸೆಲ್ ಉಕ್ಸೆನ್‌ಶೆರ್ನಾ. 1612ರಿಂದ 1654ರಲ್ಲಿ ಸಾಯುವವರೆಗೆ, 42 ವರ್ಷ ಅದೇ ಹುದ್ದೆ. ನಿಜವಾಗಲೂ ಇದೆಲ್ಲ ಒಬ್ಬನ ಕೆಲಸವಾ? ಅಥವಾ ದೊಡ್ಡ ಮನೆತನದವರು ಸೇರಿ ರಾಜನಿಲ್ಲದ ಹೊತ್ತು ನೋಡಿ ರಾಜ್ಯವನ್ನು ತಮ್ಮ ಕೈಗೆ ತಗೊಂಡರಾ? ಓದಿದವರು ಹೇಳಿ.

ಮಲೆನಾಡಮಳೆ
ಒಳ್ಳೇ ವಿಷಯ ಮಾರಾಯ್ರೇ. ಕುರ್ಚಿ ಎಳ್ಕೊಂಡು ಕೂತೆ.

ಉತ್ತರದಗಾಳಿ
1632ರಿಂದ ಶುರು ಮಾಡಿದರೆ ಅರ್ಥ ಆಗಲ್ಲ ಸರ್. 1600ಕ್ಕೆ ಹೋಗಬೇಕು. ಆ ವರ್ಷ ಗುಸ್ತಾವ್ ಅಡಾಲ್ಫನ ಅಪ್ಪ, ಮುಂದೆ ಒಂಬತ್ತನೇ ಕಾರ್ಲ್ ಆದವನು, ಲಿನ್‌ಶೋಪಿಂಗ್ ಪೇಟೆಯಲ್ಲಿ ದೊಡ್ಡ ಶ್ರೀಮಂತರ ತಲೆ ತೆಗೆಸಿದ. ಎರಿಕ್ ಸ್ಪಾರೆ, ತೂರೆ ಬೀಲ್ಕೆ, ಗುಸ್ತಾವ್ ಬನೇರ್, ಸ್ಟೆನ್ ಬನೇರ್. ಅವರು ಹಿಂದಿನ ರಾಜ ಸಿಗಿಸ್ಮಂಡನ ಕಡೆ ನಿಂತಿದ್ದೇ ತಪ್ಪಾಯಿತು. ಆಕ್ಸೆಲ್‌ನ ತಾಯಿ ಬೀಲ್ಕೆ ಮನೆತನದ ಹೆಣ್ಣು. ಅಂದರೆ ಈ ಹುಡುಗ ಬೆಳೆದಿದ್ದೇ ರಾಜನ ಕೋಪ ಮನೆ ಬಾಗಿಲಿಗೆ ಬಂದರೆ ಏನಾಗುತ್ತೆ ಅಂತ ಕಣ್ಣಾರೆ ಕಂಡವರ ಮಧ್ಯೆ.

ಆಕ್ಸೆಲ್ ಹುಟ್ಟಿದ್ದು 1583ರಲ್ಲಿ, ಉಪ್ಲಾಂಡ್ ಸೀಮೆಯ ಫೋನೋದಲ್ಲಿ. ಅಪ್ಪ ಬೇಗ ಹೋದ. ತಾಯಿ ಮಕ್ಕಳನ್ನು ಓದಲು ಜರ್ಮನಿಗೆ ಕಳಿಸಿದಳು. ರೊಸ್ಟಾಕ್, ವಿಟೆನ್‌ಬರ್ಗ್, ಯೇನಾ. ಓದಿದ್ದರಲ್ಲಿ ದೇವತಾಶಾಸ್ತ್ರವೇ ಜಾಸ್ತಿ. ವಾಪಸ್ ಬಂದು ಅದೇ ಕಾರ್ಲ್ ರಾಜನ ಖಜಾನೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ. 1609ಕ್ಕೆ ರಾಜಸಭೆಯ ಸದಸ್ಯ.

1611ರಲ್ಲಿ ಕಾರ್ಲ್ ಸತ್ತಾಗ ಗುಸ್ತಾವ್ ಅಡಾಲ್ಫನಿಗೆ ಬರೀ 16 ವರ್ಷ. ಡೆನ್ಮಾರ್ಕ್ ಜೊತೆ ಯುದ್ಧ, ರಷ್ಯಾ ಜೊತೆ ತಂಟೆ, ಪೋಲೆಂಡಿನಲ್ಲಿ ಕೂತ ಸಿಗಿಸ್ಮಂಡ ಬೇರೆ. ಶ್ರೀಮಂತರು ಆಗ ಷರತ್ತು ಹಾಕಿದರು: ನಮ್ಮನ್ನು ಕೇಳದೆ ಕಾನೂನು ಮಾಡಬೇಡ, ಯುದ್ಧ ಹೂಡಬೇಡ, ಹೊಸ ತೆರಿಗೆ ಹಾಕಬೇಡ, ವಿಚಾರಣೆ ಇಲ್ಲದೆ ಯಾರನ್ನೂ ಹಿಡಿಯಬೇಡ. ಆ ಷರತ್ತಿನ ಪತ್ರ ಬರೆದವರಲ್ಲಿ ಆಕ್ಸೆಲ್ ಮುಖ್ಯ. 1612ರ ಜನವರಿಯಲ್ಲಿ, 28ನೇ ವಯಸ್ಸಿಗೆ, ಚಾನ್ಸಲರ್ ಆದ.

ಸೈನಿಕಪುತ್ರ
ಆ ಗುಸ್ತಾವ್ ಬನೇರನ ಮಗ ಯೊಹಾನ್ ಬನೇರ್ ಮುಂದೆ ಸ್ವೀಡನ್ನಿನ ದೊಡ್ಡ ಸೇನಾಪತಿ ಆದ. ಅಪ್ಪನ ತಲೆ ಕಡಿಸಿದವನ ಮಗನಿಗಾಗಿ ಜೀವಮಾನ ಪೂರ್ತಿ ಯುದ್ಧ ಮಾಡಿದ. ಆ ಪೀಳಿಗೆ ಹೇಗೆ ರಾಜಿ ಆಯಿತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ರಾಜಾಭಿಮಾನಿ
ಎಲ್ಲರೂ ಚಾನ್ಸಲರನ್ನೇ ಹೊಗಳುತ್ತೀರಿ. ರಣರಂಗದಲ್ಲಿ ನಿಂತಿದ್ದು ರಾಜ. ಬ್ರೈಟನ್‌ಫೆಲ್ಡ್ ಕಾಳಗ ಗೆದ್ದಿದ್ದು ರಾಜ. ಸೈನ್ಯದ ಸುಧಾರಣೆ, ಹಗುರ ಫಿರಂಗಿ, ಎಲ್ಲ ರಾಜನ ಕಾಲದ್ದು. ಇವನು ಟೇಬಲ್ ಮುಂದೆ ಕೂತು ಕಾಗದ ಬರೆದವನು.

ಕಡತಪ್ರಿಯ
@ರಾಜಾಭಿಮಾನಿ ಆ ಕಾಗದ ಇಲ್ಲದೆ ಇದ್ದಿದ್ದರೆ ಫಿರಂಗಿಗೆ ಮದ್ದು ಎಲ್ಲಿಂದ ಬರುತ್ತಿತ್ತು ಸ್ವಾಮಿ?

ನಿವೃತ್ತಗುಮಾಸ್ತ
ನಾನು 30 ವರ್ಷಕ್ಕೂ ಮೇಲೆ ಕಂದಾಯದ ಕಡತಗಳ ಮಧ್ಯೆಯೇ ಕಳೆದವನು. ಹಾಗಾಗಿ "ಕಾಗದ ಬರೆದವನು" ಅನ್ನುವ ಮಾತಿಗೆ ಉತ್ತರ ಕೊಡಲೇಬೇಕು.

1618ರಲ್ಲಿ ಈತ ತನ್ನ ಕಚೇರಿಗೆ ಒಂದು ನಿಯಮಾವಳಿ ಮಾಡಿದ. ಯಾವ ಕಾರ್ಯದರ್ಶಿ ಯಾವ ವಿಷಯ ನೋಡಬೇಕು, ಬಂದ ಪತ್ರ ಎಲ್ಲಿ ಇಡಬೇಕು, ಹೋಗುವ ಪತ್ರದ ನಕಲು ಹೇಗೆ ಉಳಿಸಬೇಕು. ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರ ಇವತ್ತಿಗೂ ತನ್ನ ಹುಟ್ಟನ್ನು ಅದೇ ವರ್ಷದಿಂದ ಲೆಕ್ಕ ಹಾಕುತ್ತೆ. ಅದಕ್ಕೆ ಮೊದಲು ಕಾರ್ಯದರ್ಶಿ ಸತ್ತರೆ ಅಥವಾ ಮುನಿಸಿಕೊಂಡು ಹೋದರೆ ಅವನ ಜೊತೆ ಆ ವಿಷಯವೂ ಹೋದಂತೆಯೇ. ಹಿಂದಿನ ಪತ್ರ ಕೈಗೆ ಸಿಗದೆ ಮುಂದಿನ ನಿರ್ಧಾರ ಮಾಡುವುದು ಎಷ್ಟು ಕಷ್ಟ ಅಂತ ಕಚೇರಿಯಲ್ಲಿ ಕೂತವರಿಗೇ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಜಮೀನಿನ ತಕರಾರಿನ ಕಡತ ಕಾಣೆಯಾಗಿ, ಆ ರೈತ ವರ್ಷಗಟ್ಟಲೆ ಅಲೆದಿದ್ದನ್ನು ನೋಡಿದ್ದೇನೆ. ಒಂದು ಹಾಳೆಗೆ ಇರುವ ಬೆಲೆ ಆಗ ತಿಳಿಯಿತು.

1628ರಲ್ಲಿ ಭೂಮಾಪನ ಶುರುವಾಯಿತು. ಆ ಕಾಲದ ಹಳ್ಳಿ ನಕ್ಷೆಗಳು ಇವತ್ತಿಗೂ ಇವೆ. ಹೊಲ ಎಲ್ಲಿ, ಹುಲ್ಲುಗಾವಲು ಎಲ್ಲಿ ಅಂತ ಬಣ್ಣ ಹಚ್ಚಿ ತೋರಿಸಿದ್ದಾರೆ. ನಮ್ಮ ಸರ್ವೆ ಇಲಾಖೆಯಲ್ಲಿ ದುಡಿದ ಯಾರೇ ನೋಡಿದರೂ ಮನಸ್ಸು ತುಂಬಿ ಬರುತ್ತೆ.

ಲೆಕ್ಕದಮೇಷ್ಟ್ರು
ದುಡ್ಡಿನ ಕಡೆಯಿಂದ ನೋಡಿ. 1613ರಲ್ಲಿ ಕ್ನೇರೆಡ್ ಒಪ್ಪಂದದಲ್ಲಿ ಡೆನ್ಮಾರ್ಕಿಗೆ ಸೋತು ಕೈಮುಗಿಯಬೇಕಾಯಿತು. ಪಶ್ಚಿಮ ಸಮುದ್ರಕ್ಕೆ ಸ್ವೀಡನ್ನಿಗೆ ಇದ್ದ ಒಂದೇ ಬಾಗಿಲು ಎಲ್ವ್ಸ್‌ಬೋರಿ ಕೋಟೆ. ಅದನ್ನು ಬಿಡಿಸಿಕೊಳ್ಳಲು 10 ಲಕ್ಷ ಬೆಳ್ಳಿ ರಿಕ್ಸ್‌ಡಾಲರ್ ಕೊಡಬೇಕು. ಬಡ ದೇಶ. ಎಲ್ಲರ ಮೇಲೂ ತೆರಿಗೆ ಹಾಕಿದರು, ಹಾಲೆಂಡಿನಲ್ಲಿ ಸಾಲ ಎತ್ತಿದರು, ಫಾಲುನ್ ಗಣಿಯ ತಾಮ್ರ ಮಾರಿದರು. 1619ಕ್ಕೆ ಕಡೇ ಕಂತು ಕಟ್ಟಿ ಕೋಟೆ ವಾಪಸ್ ತಗೊಂಡರು. ಡೆನ್ಮಾರ್ಕ್ ಇವರ ಕೈಲಾಗಲ್ಲ ಅಂದುಕೊಂಡಿತ್ತು. ಯಾವ ಮನೆಯಿಂದ ಎಷ್ಟು ವಸೂಲಿ ಮಾಡಬಹುದು ಅನ್ನುವ ಲೆಕ್ಕ ಸರ್ಕಾರದ ಕೈಗೆ ಬಂದಿದ್ದೇ ಈ ಒದ್ದಾಟದಲ್ಲಿ.

ಆಮೇಲೆ 1626ರಿಂದ ಆಕ್ಸೆಲ್ ಪ್ರಷ್ಯಾದ ಎಲ್ಬಿಂಗ್ ಪಟ್ಟಣದಲ್ಲಿ ಗವರ್ನರ್ ಜನರಲ್ ಆಗಿ ಕೂತ. ಬಾಲ್ಟಿಕ್ ಬಂದರುಗಳಿಗೆ ಬರುವ ಹಡಗುಗಳಿಂದ ಸುಂಕ ವಸೂಲಿ. ಪೋಲೆಂಡಿನ ಧಾನ್ಯ ಆಮ್ಸ್ಟರ್‌ಡ್ಯಾಂಗೆ ಹೋಗಬೇಕಂದರೆ ಇವನ ಜನರ ಕೈ ದಾಟಬೇಕು. 1631ರಲ್ಲಿ ಬೇರ್ವಾಲ್ಡ್ ಒಪ್ಪಂದದ ಪ್ರಕಾರ ಫ್ರಾನ್ಸ್ ವರ್ಷಕ್ಕೆ 4 ಲಕ್ಷ ಡಾಲರ್ ಬೆಳ್ಳಿ ನಾಣ್ಯ ಕೊಡುತ್ತಿತ್ತು. ಸಾಲಲಿಲ್ಲ. ರಾಜ ಜರ್ಮನಿಯಲ್ಲಿ ಕುದುರೆ ಓಡಿಸುತ್ತಿದ್ದಾಗ ಕಾಳು, ಮದ್ದು, ನಾಣ್ಯ ಒಟ್ಟುಮಾಡಿ ಕಳಿಸುತ್ತಿದ್ದವನು ಇವನು.

ರಾಜಾಭಿಮಾನಿ
ಸುಂಕದ ಮಾತು ಒಪ್ಪುತ್ತೇನೆ. ಆದರೆ ಆ ಬಂದರುಗಳನ್ನು ಗೆದ್ದುಕೊಟ್ಟವನು ಯಾರು? ರಾಜನೇ ಅಲ್ವಾ?

ಉತ್ತರದಗಾಳಿ
ಇಬ್ಬರೂ ಬೇಕಿತ್ತು ಸರ್. ಅವರ ಬಗ್ಗೆ ಒಂದು ಮಾತು ಓಡಾಡುತ್ತೆ. ರಾಜ "ನೀನು ತುಂಬಾ ತಣ್ಣಗೆ, ನನ್ನ ಓಟಕ್ಕೆ ಅಡ್ಡ ಬರ್ತೀಯ" ಅಂದನಂತೆ. ಇವನು "ನನ್ನ ತಂಪು ಇಲ್ಲದಿದ್ದರೆ ತಾವು ಯಾವಾಗಲೋ ಸುಟ್ಟುಹೋಗುತ್ತಿದ್ದಿರಿ" ಅಂದನಂತೆ. ದಂತಕಥೆ ಇರಬಹುದು. ಇಬ್ಬರ ಪತ್ರಗಳನ್ನು ಓದಿದರೆ ಮಾತ್ರ ಸ್ವಭಾವ ಹಾಗೇ ಕಾಣುತ್ತೆ.

ಪರೀಕ್ಷಾರ್ಥಿ24
ನಮಸ್ಕಾರ ಎಲ್ಲರಿಗೂ. 1634ರ ಸರ್ಕಾರದ ಪದ್ಧತಿ ಅಂತ ಓದಿದ್ದೆ. ಅದರಲ್ಲಿ ನಿಜವಾಗಿ ಏನಿತ್ತು? ಯಾರಾದರೂ ಸರಳವಾಗಿ ಹೇಳ್ತೀರಾ?

ನಿವೃತ್ತಗುಮಾಸ್ತ
ಹೇಳ್ತೀನಿ ಮಗಾ. ರಾಜ ಸತ್ತಾಗ ಆಕ್ಸೆಲ್ ಜರ್ಮನಿಯಲ್ಲಿದ್ದ. ಅಲ್ಲಿಂದಲೇ ಕರಡು ಬರೆದು ಕಳಿಸಿದ. 1634ರಲ್ಲಿ ಸ್ಟಾಕ್‌ಹೋಮಿನ ಸಂಸತ್ತು ಒಪ್ಪಿತು. ತಿರುಳು ಇಷ್ಟೇ: ದೇಶದ ಕೆಲಸವನ್ನು ಐದು ಇಲಾಖೆಗಳಿಗೆ ಹಂಚಿದ್ದು. ನ್ಯಾಯ, ಸೈನ್ಯ, ನೌಕಾಪಡೆ, ಚಾನ್ಸಲರ್ ಕಚೇರಿ, ಖಜಾನೆ. ಒಂದೊಂದಕ್ಕೂ ಒಬ್ಬ ಮುಖ್ಯಸ್ಥ. ಆದರೆ ಅವನು ಒಬ್ಬನೇ ತೀರ್ಮಾನ ಮಾಡುವ ಹಾಗಿಲ್ಲ. ಮೇಜಿನ ಸುತ್ತ ಸದಸ್ಯರು ಕೂತು ಚರ್ಚಿಸಿ ತೀರ್ಮಾನಿಸಬೇಕು. ನ್ಯಾಯದ ಕಡೆಗೆ ಸ್ವೇಯಾ ಮೇಲ್ಮನವಿ ನ್ಯಾಯಾಲಯ 1614ರಿಂದಲೇ ಇತ್ತು, ಯುದ್ಧ ಇಲಾಖೆ 1630ರಿಂದ. ಇವನು ಎಲ್ಲವನ್ನೂ ಒಂದೇ ಕಟ್ಟಿಗೆ ತಂದ.

ಜೊತೆಗೆ ದೇಶವನ್ನು ಜಿಲ್ಲೆಗಳಾಗಿ ಮಾಡಿ ಒಂದೊಂದಕ್ಕೆ ಒಬ್ಬ ಅಧಿಕಾರಿ. ಆತ ವರ್ಷಕ್ಕೊಮ್ಮೆ ಸ್ಟಾಕ್‌ಹೋಮಿಗೆ ಬಂದು ಲೆಕ್ಕ ಒಪ್ಪಿಸಬೇಕು. ಇಲಾಖೆಗಳೆಲ್ಲ ಸ್ಟಾಕ್‌ಹೋಮಿನಲ್ಲೇ ಇರಬೇಕು ಅಂತಾಯಿತು. ಅದಕ್ಕೆ ಮುಂಚೆ ರಾಜ ಎಲ್ಲಿದ್ದರೆ ಅಲ್ಲೇ ಸರ್ಕಾರ. ಸ್ಟಾಕ್‌ಹೋಮ್ ನಿಜವಾದ ರಾಜಧಾನಿ ಆಗಿದ್ದು ಇದರಿಂದ.

ಹೊಲದೊಡೆಯ
ಈಗ ನನ್ನ ಸರದಿ. ಆ ಐದು ಮುಖ್ಯಸ್ಥರೇ ಪುಟ್ಟ ರಾಣಿಯ ಪರವಾಗಿ ರಾಜ್ಯ ಆಳಿದವರು. ಯಾರು ಯಾರು ನೋಡಿ. ಚಾನ್ಸಲರ್ ಆಕ್ಸೆಲ್. ನ್ಯಾಯಕ್ಕೆ ಅವನ ಒಡಹುಟ್ಟಿದ ತಮ್ಮ ಗಾಬ್ರಿಯೆಲ್ ಗುಸ್ತಾಫ್ಸನ್ ಉಕ್ಸೆನ್‌ಶೆರ್ನಾ. ಖಜಾನೆಗೆ ದಾಯಾದಿ ಗಾಬ್ರಿಯೆಲ್ ಬೆಂಗ್ಟ್‌ಸನ್ ಉಕ್ಸೆನ್‌ಶೆರ್ನಾ. ಉಳಿದ ಇಬ್ಬರು ಸೈನ್ಯಕ್ಕೆ ಯಾಕೋಬ್ ದೆ ಲಾ ಗಾರ್ಡಿ, ನೌಕಾಪಡೆಗೆ ಸತ್ತ ರಾಜನ ಮಲಸಹೋದರ ಕಾರ್ಲ್ ಗಿಲೆನ್‌ಹೀಲ್ಮ್. ಐದರಲ್ಲಿ ಮೂರು ಒಂದೇ ಮನೆತನ! ಕಡತಪ್ರಿಯರು ಕೇಳಿದ ಎರಡನೇ ಪ್ರಶ್ನೆಗೆ ಇದೇ ಉತ್ತರ. ಕ್ರಿಸ್ಟಿನಾ 1644ರಲ್ಲಿ ಪ್ರಾಯಕ್ಕೆ ಬಂದು ಅಧಿಕಾರ ತಗೊಂಡಾಗ ಆ 1634ರ ಪದ್ಧತಿಗೆ ಮುದ್ರೆ ಒತ್ತಲು ಒಪ್ಪಲಿಲ್ಲ. ಅವಳಿಗೂ ಇದು ಕಂಡಿತ್ತು.

ಮಲೆನಾಡಮಳೆ
ಮೂರು ಜನ ಒಂದೇ ಮನೆಯವರಾ? ಹಾಗಾದ್ರೆ ಸಭೆ ಅಡುಗೆಮನೆಯಲ್ಲೇ ಮಾಡಿ ಮುಗಿಸಬಹುದಿತ್ತು.

ಉತ್ತರದಗಾಳಿ
@ಹೊಲದೊಡೆಯ ಕ್ರಿಸ್ಟಿನಾ ಒಪ್ಪಲಿಲ್ಲ ನಿಜ. ಆದರೆ ಇಲಾಖೆಗಳನ್ನು ಮುಚ್ಚಿದಳಾ? ಇಲ್ಲ. ಅವುಗಳಿಂದಲೇ ಆಳಿದಳು. ಚಿಕ್ಕವಳಿದ್ದಾಗ ರಾಜ್ಯಭಾರ ಕಲಿತಿದ್ದು ಈ ಮುದುಕನ ಹತ್ತಿರವೇ. ಅವನ ಮಾತು ಕೇಳಲು ಇಷ್ಟವಾಗುತ್ತಿತ್ತು ಅಂತ ತನ್ನ ಬರಹದಲ್ಲೇ ಬರೆದುಕೊಂಡಿದ್ದಾಳೆ.

ಹೊಲದೊಡೆಯ
ಕಲಿತಳು, ಆಮೇಲೆ ಅವನನ್ನು ಬದಿಗೆ ಸರಿಸಿದಳು. ವೆಸ್ಟ್‌ಫೇಲಿಯಾ ಸಂಧಾನಕ್ಕೆ (1648ರಲ್ಲಿ ಆ ಯುದ್ಧ ಮುಗಿಸಿದ ಮಾತುಕತೆ) ಆಕ್ಸೆಲ್ ತನ್ನ ಮಗ ಯೊಹಾನ್‌ನನ್ನು ಕಳಿಸಿದ್ದ. ರಾಣಿ ನಂಬಿದ್ದು ಜೊತೆಗಿದ್ದ ಯೊಹಾನ್ ಆಡ್ಲರ್ ಸಾಲ್ವಿಯಸ್‌ನನ್ನು. ಅವನು ಸ್ಟ್ರೆಂಗ್‌ನೆಸ್ ಪಟ್ಟಣದ ಗುಮಾಸ್ತನ ಮಗ. 1648ರಲ್ಲಿ ಅವನನ್ನು ರಾಜಸಭೆಗೆ ತಂದಾಗ ಹಳೇ ಮನೆತನಗಳಿಗೆ ಹೊಟ್ಟೆ ಉರಿಯಿತು.

ನಾನು ನಿಜವಾಗಿ ಹೇಳಬೇಕಾಗಿದ್ದು ಇದಲ್ಲ. ಇಲ್ಲಿ ಎಲ್ಲರೂ ಇಲಾಖೆ, ನಕ್ಷೆ, ಸುಂಕ ಅಂತ ಖುಷಿಯಾಗಿ ಮಾತಾಡ್ತಿದ್ದೀರಿ. ಆ ಲೆಕ್ಕ ಇಟ್ಟಿದ್ದು ಯಾತಕ್ಕೆ? ಸೈನ್ಯಕ್ಕೆ ಗಂಡಸರನ್ನು ಹಿಡಿದುಕೊಂಡು ಹೋಗಲಿಕ್ಕೆ. ಹತ್ತು ಹತ್ತು ಗಂಡಸರ ಗುಂಪು ಮಾಡಿ ಅದರಲ್ಲಿ ಒಬ್ಬನನ್ನು ಕಳಿಸಬೇಕು. ಊರಿನ ಚರ್ಚಿನ ಪಾದ್ರಿಯೇ ಹೆಸರಿನ ಪಟ್ಟಿ ಕೊಡಬೇಕು. ಉತ್ತರದಲ್ಲಿ ಬಿಗ್ಡೆಯೊ ಅಂತ ಒಂದು ಪ್ಯಾರಿಷ್ ಇದೆ. 1621ರಿಂದ 1639ರ ನಡುವೆ ಅಲ್ಲಿಂದ 230 ಹುಡುಗರು ಪೋಲೆಂಡಿಗೂ ಜರ್ಮನಿಗೂ ಹೋದರು. 215 ಜನ ಅಲ್ಲೇ ಸತ್ತರು. ಇನ್ನೂ 5 ಜನ ಅಂಗವಿಕಲರಾಗಿ ಬಂದರು. ಊರಿನಲ್ಲಿ ಪ್ರಾಯದ ಗಂಡಸರ ಸಂಖ್ಯೆ 468 ಇದ್ದದ್ದು 288ಕ್ಕೆ ಇಳಿಯಿತು. ಹೆಚ್ಚಿನವರು ಸತ್ತಿದ್ದು ಕತ್ತಿ ಗುಂಡಿನಿಂದ ಅಲ್ಲ, ಬಿಡಾರದ ಜ್ವರ, ಭೇದಿಯಿಂದ.

ನೇಗಿಲು ಹಿಡಿದಿದ್ದು ಹೆಂಗಸರು. ತೆರಿಗೆ ಕಡಿಮೆ ಆಗಲಿಲ್ಲ. ಇದನ್ನು ಬಿಟ್ಟು ಆ ಮನುಷ್ಯನ ಬಗ್ಗೆ ಮಾತಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸೈನಿಕಪುತ್ರ
ಈ ಅಂಕಿ ಓದಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ.

ಲೆಕ್ಕದಮೇಷ್ಟ್ರು
ಬಿಗ್ಡೆಯೊದ ಅಂಕಿ ಸರಿ. ಅದು ನಮ್ಮ ಕೈಗೆ ಸಿಕ್ಕಿದ್ದೂ ಆ ಪಟ್ಟಿಗಳಿಂದಲೇ ಅನ್ನುವುದು ಗಮನಿಸಿ. ಅದೇ ಕಾಲದಲ್ಲಿ ಜರ್ಮನಿಯ ಎಷ್ಟೋ ಹಳ್ಳಿಗಳಲ್ಲಿ ಸತ್ತವರ ಹೆಸರು ಬರೆದಿಡುವವರೂ ಉಳಿಯಲಿಲ್ಲ.

ಹೊಲದೊಡೆಯ
ಬರೆದಿಟ್ಟರೆ ಪಾಪ ಕಳೆಯುತ್ತಾ ಮೇಷ್ಟ್ರೇ?

ಲೆಕ್ಕದಮೇಷ್ಟ್ರು
ಕಳೆಯುತ್ತೆ ಅಂತ ನಾನೆಲ್ಲಿ ಹೇಳಿದೆ? ತಲೆ ಎಣಿಸಿದ ಪಟ್ಟಿಯಿಂದಲೇ ಇವತ್ತು ನೀವು ಆ ಸರ್ಕಾರವನ್ನು ಪ್ರಶ್ನೆ ಮಾಡ್ತಿದ್ದೀರಿ ಅಂದೆ ಅಷ್ಟೇ.

ಮೇಲರೆನ್ ದಡದಿಂದ
ನಾನು ಸ್ಟಾಕ್‌ಹೋಮಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವಳು. ಒಪೆರಾ ಎದುರು ಗುಸ್ತಾವ್ ಅಡಾಲ್ಫ್ ಚೌಕ ಅಂತ ಇದೆ. ನಡುವೆ ರಾಜ ಕುದುರೆ ಮೇಲೆ. ಬಸ್ಸಿಗೆ ಹೋಗುವವರು ಮೇಲೆ ನೋಡಿ ಮುಂದೆ ಹೋಗ್ತಾರೆ. ಕೆಳಗೆ ಪೀಠದ ಹತ್ತಿರ ಇನ್ನೊಂದು ಶಿಲ್ಪ ಇದೆ: ಆಕ್ಸೆಲ್ ನಿಂತು ರಾಜನ ಸಾಹಸಗಳನ್ನು ಹೇಳುತ್ತಿದ್ದಾನೆ, ಇತಿಹಾಸದ ದೇವತೆ ಕ್ಲಿಯೋ ಬರೆದುಕೊಳ್ಳುತ್ತಿದ್ದಾಳೆ. ಸೆರ್ಗೆಲ್ ಅನ್ನುವ ಶಿಲ್ಪಿ ಮಾಡಿದ್ದು, ಅಲ್ಲಿ ಕೂರಿಸಿದ್ದು 1906ರಲ್ಲಿ. ರಾಜಾಭಿಮಾನಿಯವರಿಗೂ ಕಡತಪ್ರಿಯರಿಗೂ ಒಂದೇ ಕಲ್ಲಿನಲ್ಲಿ ಉತ್ತರ ಇದೆ ನೋಡ್ರಿ.

ಶ್ರೀಮಂತರ ಸಭಾಭವನವೂ ಹತ್ತಿರದಲ್ಲೇ. 1626ರಲ್ಲಿ ಶ್ರೀಮಂತರ ಸಭೆಗೆ ನಿಯಮ ಮಾಡಿದವನೂ ಇವನೇ. ಒಳಗೆ ಗೋಡೆ ತುಂಬ ಮನೆತನಗಳ ಲಾಂಛನದ ಫಲಕಗಳು. ಉಕ್ಸೆನ್‌ಶೆರ್ನಾ ಲಾಂಛನದಲ್ಲಿ ಎತ್ತಿನ ಹಣೆ, ಎರಡು ಕೊಂಬು. ನೋಡಿ ನಮ್ಮೂರು ನೆನಪಾತು.

ಪರೀಕ್ಷಾರ್ಥಿ24
ಮೇಡಂ, ವಾಸಾ ಹಡಗು ನೋಡಿದ್ದೀರಾ? ಅದೂ ಇದೇ ಕಾಲದ್ದಲ್ವಾ?

ಮೇಲರೆನ್ ದಡದಿಂದ
ನೋಡದೆ ಇರ್ತೀನಾ. ಊರಿಂದ ಯಾರು ಬಂದರೂ ಮೊದಲು ಅಲ್ಲಿಗೇ ಕರ್ಕೊಂಡು ಹೋಗೋದು. 1628ರ ಆಗಸ್ಟ್ 10, ಮೊದಲ ಪಯಣದಲ್ಲೇ ಬಂದರಿನೊಳಗೆ ಮಗುಚಿತು. ಮೇಲಿನ ಭಾರ ಜಾಸ್ತಿ, ಗಾಳಿ ಸ್ವಲ್ಪ ಬಂದ ಕೂಡಲೇ ವಾಲಿ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ರಾಜನೂ ಆಕ್ಸೆಲ್ಲೂ ಆಗ ಪ್ರಷ್ಯಾದಲ್ಲಿದ್ದರು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆ ಆಗಲಿಲ್ಲ.

ಮಲೆನಾಡಮಳೆ
ಅಂಚೆ ಕಥೆನೂ ಇವನದ್ದೇ ಅಂತ ಕೇಳಿದ್ದೆ. ನಿಜವಾ?

ನಿವೃತ್ತಗುಮಾಸ್ತ
ನಿಜ. 1636ರಲ್ಲಿ ಅಂಚೆ ವ್ಯವಸ್ಥೆ ಶುರು. ರಸ್ತೆ ಬದಿಯ ರೈತರಲ್ಲಿ ಕೆಲವರನ್ನು ಆರಿಸಿ ಅಂಚೆ ರೈತರು ಅಂತ ಮಾಡಿದರು. ಒಂದು ಮನೆಯಿಂದ ಮುಂದಿನ ಮನೆಗೆ ಚೀಲ ಮುಟ್ಟಿಸಬೇಕು, ಕೊಂಬು ಊದುತ್ತಾ ಓಡಬೇಕು. ಬದಲಿಗೆ ಕೆಲವು ಬಿಟ್ಟಿ ಕೆಲಸಗಳಿಂದ ವಿನಾಯ್ತಿ. ಜರ್ಮನಿಯಲ್ಲಿರುವ ಸೈನ್ಯದ ಸುದ್ದಿ ಸ್ಟಾಕ್‌ಹೋಮಿಗೆ ಬೇಗ ಮುಟ್ಟಬೇಕಲ್ಲ, ಅದಕ್ಕೇ ಇದು ಬೇಕಾಯಿತು.

ಸೈನಿಕಪುತ್ರ
ರಾಜ ಸತ್ತ ಮೇಲಿನ ನಾಲ್ಕು ವರ್ಷ ಆತ ಪಟ್ಟ ಪಾಡನ್ನು ಯಾರೂ ಹೇಳಲಿಲ್ಲ. 1633ರಲ್ಲಿ ಹೈಲ್‌ಬ್ರಾನ್‌ನಲ್ಲಿ ದಕ್ಷಿಣ ಜರ್ಮನಿಯ ಪ್ರೊಟೆಸ್ಟಂಟರನ್ನು ಒಟ್ಟುಮಾಡಿ ಒಕ್ಕೂಟ ಕಟ್ಟಿದ, ತಾನೇ ನಿರ್ದೇಶಕನಾದ. 1634ರ ಸೆಪ್ಟೆಂಬರಿನಲ್ಲಿ ನೋರ್ಡ್‌ಲಿಂಗನ್‌ನಲ್ಲಿ ಸೈನ್ಯ ನುಚ್ಚುನೂರಾಯಿತು. ಅಲ್ಲಿ ಸೆರೆ ಸಿಕ್ಕ ಸೇನಾಪತಿ ಗುಸ್ತಾವ್ ಹೋರ್ನ್ ಇವನ ಸ್ವಂತ ಅಳಿಯ. 1642ರವರೆಗೂ ಬಿಡುಗಡೆ ಆಗಲಿಲ್ಲ. ಜೀವನದಲ್ಲಿ ಎರಡೇ ರಾತ್ರಿ ನಿದ್ದೆ ಬರಲಿಲ್ಲ, ಒಂದು ರಾಜ ಸತ್ತ ಸುದ್ದಿ ಬಂದಾಗ, ಇನ್ನೊಂದು ನೋರ್ಡ್‌ಲಿಂಗನ್ ಸುದ್ದಿ ಬಂದಾಗ ಅಂತ ಇವನ ಹೆಸರಲ್ಲಿ ಹೇಳ್ತಾರೆ.

1635ರಲ್ಲಿ ಜರ್ಮನ್ ಮಿತ್ರರು ಚಕ್ರವರ್ತಿ ಜೊತೆ ಸಂಧಿ ಮಾಡಿಕೊಂಡರು. ಇವನು ಫ್ರಾನ್ಸಿನ ಕಾಂಪಿಯೇನ್‌ಗೆ ಹೋಗಿ ಅಲ್ಲಿನ ಮುಖ್ಯ ಮಂತ್ರಿ ರಿಷಲ್ಯೂನನ್ನು ಕಂಡು ಒಪ್ಪಂದ ಮಾಡಿಕೊಂಡ. ಅದೇ ಆಗಸ್ಟಿನಲ್ಲಿ ಮಾಗ್ಡೆಬರ್ಗ್ ಹತ್ತಿರ ಸ್ವಂತ ಸೈನ್ಯದ ಅಧಿಕಾರಿಗಳೇ ಸಂಬಳ ಕೊಡು ಅಂತ ಇವನನ್ನು ಹಿಡಿದಿಟ್ಟರು. ಚಾನ್ಸಲರ್ ತನ್ನ ಸೈನ್ಯಕ್ಕೇ ಒತ್ತೆಯಾಳು! ಅದರ ಮರುತಿಂಗಳೇ ಸ್ಟಾಕ್‌ಹೋಮಿನವರು ಪೋಲೆಂಡ್ ಜೊತೆ ಒಪ್ಪಂದ ಮಾಡಿಕೊಂಡು ಪ್ರಷ್ಯಾದ ಬಂದರುಗಳನ್ನು, ಅಂದರೆ ಸುಂಕವನ್ನು, ಬಿಟ್ಟುಕೊಟ್ಟರು. ಇವನಿಗೆ ಅದು ಸುತರಾಂ ಇಷ್ಟವಿರಲಿಲ್ಲ. 1636ರಲ್ಲಿ ಊರಿಗೆ ಮರಳಿದ. ಇಂಥ ಹೊತ್ತಲ್ಲಿ ಬೇರೆ ಯಾರೇ ಆಗಿದ್ದರೂ ಎಲ್ಲ ಬಿಟ್ಟು ಮೂರು ವರ್ಷ ಮುಂಚೆಯೇ ಹಡಗು ಹತ್ತುತ್ತಿದ್ದರು.

ಕಡತಪ್ರಿಯ
ಇದು ನನಗೆ ಪೂರ್ತಿ ಹೊಸದು. ಹಾಗಾದರೆ "ರಾಜ ಸತ್ತರೂ ಯಂತ್ರ ತಾನಾಗೇ ಓಡಿತು" ಅನ್ನುವುದು ಅಷ್ಟು ಸರಳ ಅಲ್ಲ. ಒಳಗೆ ಇಲಾಖೆ ಇತ್ತು, ಹೊರಗೆ ಒಬ್ಬ ಮನುಷ್ಯ ಬೈಗುಳ ತಿಂದುಕೊಂಡು ಕೂತಿದ್ದ.

ಹೊಲದೊಡೆಯ
ಡೆನ್ಮಾರ್ಕ್ ಮೇಲೆ ಬಿದ್ದಿದ್ದನ್ನೂ ಹೇಳಿ. 1643ರ ಡಿಸೆಂಬರಿನಲ್ಲಿ ಯುದ್ಧ ಸಾರದೆಯೇ ಸೇನಾಪತಿ ಟೋರ್‌ಸ್ಟೆನ್‌ಸನ್‌ನ ಸೈನ್ಯವನ್ನು ದಕ್ಷಿಣದಿಂದ ನುಗ್ಗಿಸಿದ್ದು ಇವನ ಗುಟ್ಟಿನ ಯೋಜನೆ.

ಉತ್ತರದಗಾಳಿ
ಹೌದು. 1613ರ ಅವಮಾನದ ಲೆಕ್ಕ ಚುಕ್ತಾ ಮಾಡಿದ. 1645ರಲ್ಲಿ ಸಂಧಾನಕ್ಕೆ ತಾನೇ ಹೋದ, 60 ದಾಟಿದ ವಯಸ್ಸಿನಲ್ಲಿ. ಬ್ರೋಮ್ಸೆಬ್ರೂ ಅಂದರೆ ಆಗಿನ ಗಡಿಯ ಒಂದು ಸಣ್ಣ ಹೊಳೆ. ನಡುವಿನ ನಡುಗಡ್ಡೆಯಲ್ಲಿ ಗಡಿಕಲ್ಲು. ಆ ಕಡೆಯಿಂದ ಡೇನರು, ಈ ಕಡೆಯಿಂದ ಸ್ವೀಡನ್ನಿನವರು, ಮಧ್ಯೆ ಓಡಾಡಲು ಫ್ರೆಂಚ್ ರಾಯಭಾರಿ. ಫೆಬ್ರವರಿಯಲ್ಲಿ ಶುರುವಾಗಿದ್ದು ಆಗಸ್ಟಿಗೆ ಮುಗಿಯಿತು. ಯೆಮ್ಟ್‌ಲಾಂಡ್, ಹೆರ್ಯೆದಾಲನ್, ಗಾಟ್‌ಲಾಂಡ್ ದ್ವೀಪ, ಓಸೆಲ್ ದ್ವೀಪ ಸ್ವೀಡನ್ನಿಗೆ. ಹಾಲಾಂಡ್ 30 ವರ್ಷಕ್ಕೆ ಒತ್ತೆ. ಆಕ್ಸೆಲ್‌ಗೆ ಸೋದರ್‌ಮೋರೆಯ ಕೌಂಟ್ ಪದವಿ ಸಿಕ್ಕಿದ್ದು ಇದಾದ ಮೇಲೆ.

ಹೊಲದೊಡೆಯ
ಆ ಪದವಿ ಜೊತೆ ಜಮೀನೂ ಬಂತು. ಮೇಲರೆನ್ ಸರೋವರದ ಹತ್ತಿರ ಟಿಡೋ ಅರಮನೆ ಕಟ್ಟಿಸಿದ, ಕುಸುರಿ ಮಾಡಿದ ಬಾಗಿಲುಗಳೇ ನೋಡಲು ಸಾಲದು. ಫೀಹೋಮ್‌ನಲ್ಲಿ ಇನ್ನೊಂದು. ಸರ್ಕಾರದ ಜಮೀನು ದೊಡ್ಡವರ ಪಾಲಾಗುತ್ತಾ ಹೋಯಿತು. 1650ರ ಸಂಸತ್ತಿನಲ್ಲಿ ರೈತರು, ಪಾದ್ರಿಗಳು, ಪೇಟೆಯವರು ಒಟ್ಟಾಗಿ "ಜಮೀನು ವಾಪಸ್ ತಗೊಳ್ಳಿ" ಅಂತ ಗಲಾಟೆ ಎಬ್ಬಿಸಿದರು. ಶ್ರೀಮಂತರ ಪರ ಗಟ್ಟಿಯಾಗಿ ನಿಂತವನು ಈ ಮುದುಕನೇ. ಕ್ರಿಸ್ಟಿನಾ ಆ ಗಲಾಟೆಯನ್ನು ತನ್ನ ದಾಯಾದಿ ಕಾರ್ಲ್ ಗುಸ್ತಾವನನ್ನು ಉತ್ತರಾಧಿಕಾರಿ ಅಂತ ಒಪ್ಪಿಸಲು ಬಳಸಿಕೊಂಡಳು.

ರಾಜಾಭಿಮಾನಿ
1654ರಲ್ಲಿ ಅವಳು ಸಿಂಹಾಸನ ಬಿಟ್ಟಾಗ ಇವನು ಒಪ್ಪಲಿಲ್ಲ. ಅವಳ ಅಪ್ಪನಿಗೆ ಕೊಟ್ಟ ಮಾತು, ಅವಳ ತಲೆಯ ಮೇಲೆ ಕಿರೀಟ ಇರುವ ಹಾಗೆ ನೋಡಿಕೊಳ್ಳುತ್ತೇನೆ ಅಂತ. ಉಪ್ಸಾಲಾದಲ್ಲಿ ಜೂನ್ 6ರಂದು ಕಿರೀಟ ತೆಗೆಯಬೇಕಾಗಿದ್ದ ಪೇರ್ ಬ್ರಾಹೆ ಕದಲದೆ ನಿಂತ. ಕಡೆಗೆ ಅವಳೇ ತೆಗೆದಳು. ಈ ಒಂದು ವಿಷಯಕ್ಕೆ ನಾನು ಆಕ್ಸೆಲ್‌ಗೆ ಕೈಮುಗೀತೀನಿ.

ಉತ್ತರದಗಾಳಿ
ಅದೇ ಆಗಸ್ಟ್ 28ಕ್ಕೆ ತೀರಿಕೊಂಡ. ಸಮಾಧಿ ಎಸ್ಕಿಲ್‌ಸ್ಟೂನಾ ಹತ್ತಿರದ ಯೇಡರ್ ಚರ್ಚಿನಲ್ಲಿ. ಚಾನ್ಸಲರ್ ಹುದ್ದೆ ಮಗ ಎರಿಕ್‌ಗೆ ಬಂತು, ಅವನೂ 1656ರಲ್ಲಿ ಹೋದ. ಯೊಹಾನ್ 1657ರಲ್ಲಿ.

ಪರೀಕ್ಷಾರ್ಥಿ24
"ಮಗನೇ, ಎಷ್ಟು ಕಡಿಮೆ ಬುದ್ಧಿಯಿಂದ ಲೋಕ ಆಳಲ್ಪಡುತ್ತೆ ನಿನಗೆ ಗೊತ್ತಿಲ್ಲವಾ" ಅನ್ನೋ ಮಾತು ಇವನದ್ದೇ ತಾನೇ? ಯೊಹಾನ್‌ಗೆ ಬರೆದಿದ್ದಂತೆ.

ಉತ್ತರದಗಾಳಿ
ಇವನ ಹೆಸರಲ್ಲಿ ಓಡಾಡುತ್ತೆ, ಬೇರೆಯವರ ಹೆಸರಲ್ಲೂ ಓಡಾಡುತ್ತೆ. ಪರೀಕ್ಷೆಯಲ್ಲಿ ಬರೆಯುವುದಾದರೆ "ಹೇಳಿದ್ದನೆಂದು ಪ್ರತೀತಿ" ಅಂತ ಸೇರಿಸು.

ಹೊಲದೊಡೆಯ
ನನ್ನ ಮಾತು ಮುಗಿಸ್ತೀನಿ. ಹಿಡಿದ ಜಮೀನು ಉಳಿಯಲಿಲ್ಲ. 1680ರಲ್ಲಿ ರಾಜ ಹನ್ನೊಂದನೇ ಕಾರ್ಲ್ ದೊಡ್ಡವರಿಂದ ಜಮೀನು ಕಿತ್ತುಕೊಂಡ.

ಲೆಕ್ಕದಮೇಷ್ಟ್ರು
ಕಿತ್ತುಕೊಂಡಿದ್ದು ಹೇಗೆ ಅಂತಲೂ ನೋಡಿ. ಖಜಾನೆ ಇಲಾಖೆಯ ದಾಖಲೆ ತೆಗೆಸಿ, ಯಾವ ಹಳ್ಳಿ ಯಾವ ವರ್ಷ ಯಾರಿಗೆ ಹೋಯಿತು ಅಂತ ಒಂದೊಂದೇ ಪತ್ತೆ ಮಾಡಿಸಿದ. ಆಕ್ಸೆಲ್ ಕಟ್ಟಿದ ಕಚೇರಿಯೇ ಆಕ್ಸೆಲ್‌ನ ಜನರಿಂದ ಜಮೀನು ವಾಪಸ್ ತಂದಿತು.

ಮೇಲರೆನ್ ದಡದಿಂದ
ಆ ಖಜಾನೆ ಇಲಾಖೆ ಇವತ್ತಿಗೂ ಅದೇ ಹೆಸರಿನಲ್ಲಿ ಇದೆ ಸರ್. ಸ್ವೇಯಾ ನ್ಯಾಯಾಲಯವೂ ಇದೆ. ಜಿಲ್ಲೆಗಳು ಈಗ 21, ಒಂದೊಂದಕ್ಕೂ ಅದೇ ಹಳೇ ಹುದ್ದೆಯ ಅಧಿಕಾರಿ. ಬೇಸಿಗೆಯಲ್ಲಿ ಯೇಡರ್ ಚರ್ಚಿಗೆ ಹೋಗ್ತಿದ್ದೀನಿ. ಯಾರಿಗಾದರೂ ಫೋಟೋ ಬೇಕಾದರೆ ಹೇಳಿ, ಇಲ್ಲೇ ಹಾಕ್ತೀನಿ.

ಹೊಲದೊಡೆಯ
ಬಿಗ್ಡೆಯೊ ಕಡೆ ಹೋಗಾಗಿದ್ದರೆ ಅಲ್ಲಿನ ಚರ್ಚಿನದ್ದೂ ಹಾಕಿ ಅಕ್ಕಾ.